ಜನವರಿಯಲ್ಲಿ ನಾಲ್ಕು ಜನರ ಗಾಲ್ಫ್ ಟ್ರಿಪ್, ದಾವಣಗೆರೆಯಿಂದ: ದುಡ್ಡು ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ?

■ ಶಾಮನೂರು_ರಸ್ತೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಗಾಲ್ಫ್ ಹುಚ್ಚು ಹತ್ತಿತು. ಈಗ ಊರಿಗೆ ವಾಪಸ್ ಬಂದು ಒಬ್ಬ ಅಂಗಡಿ, ಒಬ್ಬ ಆಸ್ಪತ್ರೆ, ಇನ್ನಿಬ್ಬರು ಜಮೀನು ನೋಡಿಕೊಂಡು ಇದ್ದೇವೆ. ಇಲ್ಲಿ ಆಡುವುದಕ್ಕೆ ಕೋರ್ಸ್ ಇಲ್ಲ. ಮೆಕ್ಕೆಜೋಳ ಕಟಾವಾದ ಮೇಲೆ ಆನಗೋಡು ಕಡೆ ಗೆಳೆಯನ ಹೊಲದಲ್ಲಿ ಬುಟ್ಟಿ ಇಟ್ಟು ಚಿಪ್ (ಹತ್ತಿರದ ಸಣ್ಣ ಏಟು) ಹೊಡೆಯುವುದೇ ಪ್ರಾಕ್ಟೀಸ್. ಕೂಳೆ ನಡುವೆ ಬಾಲ್ ಹುಡುಕೋದರಲ್ಲೇ ಅರ್ಧ ಸಂಜೆ ಹೋಗುತ್ತದೆ, ಅದು ಬೇರೆ ಮಾತು.

ಜನವರಿಯಲ್ಲಿ ನಾಲ್ಕು ದಿನ ಎಲ್ಲಾದರೂ ಹೋಗಿ ಸರಿಯಾಗಿ ಆಡಿ ಬರೋಣ ಅಂತ. ತಲೆಗೆ 25 ಸಾವಿರ ದಾಟಬಾರದು ಅಂತ ಮನೆಯಲ್ಲಿ ಮಾತು ಕೊಟ್ಟಾಗಿದೆ. ಒಬ್ಬ ಏಜೆಂಟ್ ಥೈಲ್ಯಾಂಡ್ ಪ್ಯಾಕೇಜ್ ಹೇಳುತ್ತಿದ್ದಾರೆ, "ಗ್ರೀನ್ ಫೀ (ಕೋರ್ಸ್‌ನಲ್ಲಿ ಆಡುವ ಶುಲ್ಕ) ಎಲ್ಲಾ ಸೇರಿ" ಅಂತ. ಬ್ರೋಷರ್‌ನಲ್ಲಿ ಮಾತ್ರ ಏನು ಸೇರಿದೆ, ಏನು ಸೇರಿಲ್ಲ ಅಂತ ಒಂದು ಸಾಲೂ ಇಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ. ಯಾರಿಗೂ ದೊಡ್ಡ ಹ್ಯಾಂಡಿಕ್ಯಾಪ್, ಚಿಕ್ಕ ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕಿ, ಕಡಿಮೆ ಇದ್ದಷ್ಟು ಒಳ್ಳೆ ಆಟಗಾರ) ಯಾವುದೂ ಇಲ್ಲ. ಸುಮ್ನೆ ಆಡುತ್ತೇವೆ, ಅಷ್ಟೇ.

■ ಬೋಗಿ_ಭೂತ (ದಾವಣಗೆರೆ, ಸದ್ಯ ತುಮಕೂರು)

ಅಣ್ಣಾ, ಎಲ್ಲರೂ ಮೊದಲು ಊರು ಆರಿಸುತ್ತಾರೆ, ಆಮೇಲೆ ತಾರೀಖು ನೋಡುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು ತಾರೀಖು.

ಬಹಳಷ್ಟು ಕ್ಲಬ್‌ಗಳಿಗೆ ಸೋಮವಾರ ರಜೆ, ಹುಲ್ಲಿನ ಕೆಲಸ ನಡೆಯುತ್ತದೆ. ಶನಿವಾರ ಭಾನುವಾರ ಮೆಂಬರ್‌ಗಳದ್ದೇ ರಾಜ್ಯ, ಹೊರಗಿನವರಿಗೆ ಟೀ ಟೈಮ್ (ಆಟ ಶುರು ಮಾಡುವ ಸಮಯ) ಸಿಕ್ಕರೂ ರೇಟ್ ಜಾಸ್ತಿ. ಉಳಿದದ್ದು ಮಂಗಳವಾರದಿಂದ ಶುಕ್ರವಾರ. ಆ ನಾಲ್ಕು ದಿನಕ್ಕೆ ನಿಮ್ಮ ಟ್ರಿಪ್ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು.

ಈಗ ಜನವರಿ ವಿಷಯ. ಹೊಸ ವರ್ಷದ ಗದ್ದಲ ಇಳಿದ ಮೇಲಿಂದ ಸಂಕ್ರಾಂತಿವರೆಗೆ ಒಂದು ಗ್ಯಾಪ್ ಸಿಗುತ್ತದೆ. ಧನುರ್ಮಾಸ ಅಲ್ವಾ, ಮದುವೆ ಇಲ್ಲ. ರೆಸಾರ್ಟ್‌ನವರ ಲಾನು, ರೂಮು ಎರಡೂ ಖಾಲಿ. ಸ್ಕೂಲ್ ಕೂಡ ಶುರುವಾಗಿರುತ್ತದೆ. ಆಗ ಫೋನ್ ಮಾಡಿ "ವೀಕ್‌ಡೇ, ಎರಡು ರೂಮು, ನಾಲ್ಕು ಜನರ ಆಟ, ಬೆಳಗಿನ ತಿಂಡಿ ಸೇರಿಸಿ ಎಷ್ಟಕ್ಕೆ ಕೊಡುತ್ತೀರಿ" ಅಂತ ಕೇಳಿದರೆ ಮ್ಯಾನೇಜರ್ ಧ್ವನಿಯೇ ಬೇರೆ ಇರುತ್ತದೆ. ಒಂದು ಎಚ್ಚರ: ಮೈಸೂರಿನ ಸಣ್ಣ ಲಾಡ್ಜ್‌ಗಳಲ್ಲಿ ಆಗ ಶಬರಿಮಲೆಗೆ ಹೋಗುವವರ ರಶ್ ಇರುತ್ತದೆ. ಅಲ್ಲಿ ಮಾತ್ರ ಮುಂಚೆ ಬುಕ್ ಮಾಡಿ.

■ ಕೋಟೆ_ಕಡೆಯವ (ಚಿತ್ರದುರ್ಗ)

ಬೋಗಿ ಹೇಳಿದ್ದು ಸರಿ. ಆದರೆ ನನ್ನ ಪ್ರಕಾರ ದೊಡ್ಡ ಉಳಿತಾಯ ಒಂದು ಕಾಗದದಲ್ಲಿದೆ.

ನಮ್ಮ ಕಡೆ ಊರಿಗೊಂದು ಹಳೇ ಕ್ಲಬ್ ಇದೆಯಲ್ಲ, ಕಾರ್ಡ್ಸು, ಶಟ್ಲು, ಟೆನಿಸ್ಸು ಅಂತ. ನಿಮ್ಮ ನಾಲ್ವರಲ್ಲಿ ಯಾರಾದರೂ ಅಂಥದ್ದರ ಮೆಂಬರ್ ಇದ್ದಾರಾ? ಇದ್ದರೆ ಆ ಕ್ಲಬ್ಬಿನ ಆಫೀಸಿಗೆ ಹೋಗಿ ಅಫಿಲಿಯೇಟೆಡ್ (ಪರಸ್ಪರ ಒಪ್ಪಂದ ಇರುವ) ಕ್ಲಬ್‌ಗಳ ಪಟ್ಟಿ ಕೇಳಿ. ಗೋಡೆ ಮೇಲಿನ ಬೋರ್ಡಿನಲ್ಲೇ ಬರೆದಿರುತ್ತದೆ, ಯಾರೂ ಓದಿರುವುದಿಲ್ಲ. ಅದರಲ್ಲಿ ಗಾಲ್ಫ್ ಇರುವ ಕ್ಲಬ್ ಒಂದು ಸಿಕ್ಕರೂ ಸಾಕು. ಸೆಕ್ರೆಟರಿ ಕೈಯಲ್ಲಿ ಪರಿಚಯದ ಪತ್ರ ಬರೆಸಿಕೊಂಡು ಹೋದರೆ ವಿಸಿಟರ್ ರೇಟ್ ಬದಲು ಅಫಿಲಿಯೇಟೆಡ್ ರೇಟ್ ಹಾಕುತ್ತಾರೆ. ಕ್ಲಬ್ಬಿನದೇ ರೂಮುಗಳಿದ್ದರೆ ಅದೂ ಸಿಗುತ್ತದೆ. ಹೋಟೆಲಿಗೆ ಕೊಡುವ ದುಡ್ಡಿಗೂ ಕ್ಲಬ್ ರೂಮಿಗೂ ಹೋಲಿಕೆಯೇ ಇಲ್ಲ. ಪತ್ರ ಲೆಟರ್‌ಹೆಡ್ ಮೇಲೆ, ಸೀಲ್ ಹಾಕಿ, ನಿಮ್ಮ ಮೆಂಬರ್ ನಂಬರ್ ಸಮೇತ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ತೋರಿಸಿದರೆ ಕೌಂಟರ್‌ನವರು ಒಪ್ಪುತ್ತಾರೆ ಅಂತ ನಂಬಿ ಕೂರಬೇಡಿ.

ಪತ್ರ ಇಲ್ಲದಿದ್ದರೆ ಎರಡನೇ ದಾರಿ, ಮೆಂಬರ್ ಜೊತೆ ಗೆಸ್ಟ್ ಆಗಿ ಹೋಗುವುದು. ಬೆಂಗಳೂರಿನ ಹೈ ಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ದೊಮ್ಮಲೂರು ಕಡೆ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇದೆ. ಇಂಥ ಕಡೆ ನಿಮ್ಮ ಹಳೇ ಆಫೀಸಿನ ಬಾಸ್ ಯಾರಾದರೂ ಮೆಂಬರ್ ಇದ್ದೇ ಇರುತ್ತಾರೆ. ನಾಚಿಕೆ ಬಿಟ್ಟು ಫೋನ್ ಮಾಡಿ. ಹೋಗುವಾಗ ಒಂದು ಡಬ್ಬಿ ಬೆಣ್ಣೆ ತಗೊಂಡು ಹೋಗಿ.

■ ಶಾಮನೂರು_ರಸ್ತೆ

ಕೋಟೆ ಸರ್, ನಮ್ಮ ಡಾಕ್ಟರ್ ಒಂದು ಕ್ಲಬ್ ಮೆಂಬರ್ ಇದ್ದಾನೆ, ಅವನ ತಂದೆಯ ಕಾಲದಿಂದ. ನಾಳೆನೇ ಬೋರ್ಡ್ ನೋಡಿ ಬರೋಕೆ ಹೇಳುತ್ತೇನೆ. ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಇಲ್ಲದಿದ್ದರೆ ಒಳಗೆ ಬಿಡಲ್ಲ ಅಂತಾರಲ್ಲ, ಅದು ನಿಜಾನಾ?

■ ಕೋಟೆ_ಕಡೆಯವ

ಕೆಲವು ಕಡೆ ಕೇಳುತ್ತಾರೆ, ಕೆಲವು ಕಡೆ ಇಲ್ಲ. ರೆಸಾರ್ಟ್ ಕೋರ್ಸ್‌ಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಹಳೇ ಕ್ಲಬ್‌ಗಳಲ್ಲಿ ಕೇಳಬಹುದು. ಕಾರಣ ದೊಡ್ಡಸ್ತಿಕೆ ಅಲ್ಲ. ಆಡೋಕೆ ಬರದ ನಾಲ್ವರು ಮುಂದೆ ಹೋದರೆ ಹಿಂದಿನ ಗುಂಪುಗಳೆಲ್ಲ ಬಿಸಿಲಲ್ಲಿ ನಿಲ್ಲಬೇಕು.

ಮಾಡಿಸಿಕೊಳ್ಳುವುದು ಕಷ್ಟವೇನಿಲ್ಲ. 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಂ ಪ್ರಕಾರ 54 ಹೋಲ್‌ಗಳ ಸ್ಕೋರ್ ಕಾರ್ಡ್ ಕೊಟ್ಟರೆ ಮೊದಲ ಹ್ಯಾಂಡಿಕ್ಯಾಪ್ ಸಿಗುತ್ತದೆ. ಮೂರು ಸಲ ಪೂರ್ತಿ ಆಟ, ಅಂದರೆ 18 ಹೋಲ್ ಆಡಬಹುದು, ಒಂಬತ್ತೊಂಬತ್ತು ಸೇರಿಸಿಯೂ ಲೆಕ್ಕ ಕೊಡಬಹುದು. 54.0 ವರೆಗೂ ಹ್ಯಾಂಡಿಕ್ಯಾಪ್ ಇಡಲು ಅವಕಾಶ ಇದೆ, ಅಂದರೆ ನಮ್ಮಂಥವರಿಗೂ ಜಾಗ ಇದೆ. ಆದರೆ ಕಾರ್ಡಿಗೆ ಜೊತೆಯಲ್ಲಿ ಆಡಿದವರ ಸಹಿ ಬೇಕು, ಮತ್ತೆ ಅದನ್ನು ದಾಖಲು ಮಾಡಲು ಒಂದು ಕ್ಲಬ್ ಬೇಕು. ಈ ಟ್ರಿಪ್‌ನಲ್ಲೇ ಆಡಿದ ಕಾರ್ಡುಗಳನ್ನು ಸಹಿ ಮಾಡಿಸಿ ಇಟ್ಟುಕೊಳ್ಳಿ. ಎಸೆಯಬೇಡಿ.

ಮೆಂಬರ್ ಆಗದೆ ಆಡುವ ಪಬ್ಲಿಕ್ ಕೋರ್ಸ್ ನಮ್ಮ ದೇಶದಲ್ಲಿ ಕಡಿಮೆ. ದೆಹಲಿಯ ಲಾಡೋ ಸರಾಯ್‌ನಲ್ಲಿ ಡಿಡಿಎ (ದೆಹಲಿ ಅಭಿವೃದ್ಧಿ ಪ್ರಾಧಿಕಾರ) 2000ದಲ್ಲಿ ತೆರೆದ ಕುತುಬ್ ಗಾಲ್ಫ್ ಕೋರ್ಸ್ ಅಂಥದ್ದು. ನಮ್ಮ ಕಡೆ ಇನ್ನೂ ಆ ಪದ್ಧತಿ ಬೆಳೆದಿಲ್ಲ, ಬೆಳೆಯಬೇಕಿತ್ತು.

■ ಹರಿಹರ_ಸೇತುವೆ (ಹರಿಹರ)

ಥೈಲ್ಯಾಂಡ್ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಬೆಂಗಳೂರಿನಿಂದ ಬ್ಯಾಂಕಾಕ್ ನಾಲ್ಕು ಗಂಟೆಯ ಹಾದಿ. ಪಟ್ಟಾಯ, ಹುವಾ ಹಿನ್ ಸುತ್ತ ಒಂದರ ಪಕ್ಕ ಒಂದು ಕೋರ್ಸ್. ಹುವಾ ಹಿನ್‌ನಲ್ಲಿ 1924ರ ರಾಯಲ್ ಕೋರ್ಸ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ, ನೋಡೋಕೆ ಎರಡು ಕಣ್ಣು ಸಾಲದು. ಹುಲ್ಲು ಹೇಗಿರುತ್ತದೆ ಅಂದರೆ ಚಪ್ಪಲಿ ಬಿಟ್ಟು ನಡೆಯಬೇಕು ಅನಿಸುತ್ತದೆ.

ಆದರೆ ಅಲ್ಲಿ ಕ್ಯಾಡಿ (ಬ್ಯಾಗ್ ಹೊತ್ತು ಜೊತೆಗೆ ಬರುವ ಸಹಾಯಕ) ಕಡ್ಡಾಯ. ನೀವೇ ಬ್ಯಾಗ್ ಎಳೆಯುತ್ತೇನೆ ಅಂದರೂ ಬಿಡುವುದಿಲ್ಲ. ಕ್ಯಾಡಿ ಫೀ ಒಂದು, ಆಟ ಮುಗಿದ ಮೇಲೆ ಟಿಪ್ಸ್ ಇನ್ನೊಂದು. ಟಿಪ್ಸ್ ಅನ್ನುವುದು ಹೆಸರಿಗೆ, ಕೊಡಲೇಬೇಕು. ಕೆಲವು ಕೋರ್ಸ್‌ಗಳಲ್ಲಿ ಬಗ್ಗಿಯೂ (ಕೋರ್ಸ್ ಸುತ್ತುವ ಸಣ್ಣ ಗಾಡಿ) ಕಡ್ಡಾಯ. ಏಜೆಂಟ್ "ಗ್ರೀನ್ ಫೀ ಸೇರಿ" ಅಂದರೆ ಈ ಮೂರೂ ಹೊರಗಿರಬಹುದು. ಹೋಟೆಲಿನಿಂದ ಕೋರ್ಸಿಗೆ ಹೋಗಿಬರುವ ವ್ಯಾನ್ ನಾಲ್ಕನೆಯದು. ಈ ನಾಲ್ಕನ್ನೂ ಬರವಣಿಗೆಯಲ್ಲಿ ಕೇಳಿ.

ಇನ್ನು ಜನವರಿ ಅವರಿಗೆ ಪೀಕ್ ಸೀಸನ್. ಕೊರಿಯಾ, ಜಪಾನ್, ಯುರೋಪಿನವರೆಲ್ಲ ಚಳಿ ತಪ್ಪಿಸಿಕೊಳ್ಳಲು ಅಲ್ಲಿಗೆ ಬರುವ ಕಾಲ. ಅಗ್ಗ ಆಗಬೇಕು ಅಂದರೆ ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗಿ. ಮಳೆ ಬರುತ್ತದೆ, ಆದರೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಒಂದು ಹೊಡೆತ ಹೊಡೆದು ನಿಲ್ಲುತ್ತದೆ. ಬೆಳಗಿನ ಟೀ ಟೈಮ್ ತಗೊಂಡರೆ ಆಟಕ್ಕೆ ತೊಂದರೆ ಕಡಿಮೆ.

■ ಲೆಕ್ಕ_ಬಿಡದವನು (ದಾವಣಗೆರೆ)

ಹರಿಹರದವರೇ, ನಿಮ್ಮ ಮಾತಲ್ಲೇ ಉತ್ತರ ಇದೆ. ತಲೆಗೆ 25 ಸಾವಿರದಲ್ಲಿ ಜನವರಿ ಥೈಲ್ಯಾಂಡ್ ಆಗುವುದಿಲ್ಲ. ವಿಮಾನಕ್ಕೇ ಬಹುಪಾಲು ಹೋಗುತ್ತದೆ.

ನಾನು ಗಾಲ್ಫ್ ಆಡುವವನಲ್ಲ, ಆಡುವವರ ಲೆಕ್ಕ ಬರೆಯುವವನು. ಒಂದೆರಡು ವಿಷಯ ಹೇಳಿ ಹೋಗುತ್ತೇನೆ.

ರೂಮಿನ ಜಿಎಸ್‌ಟಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 5%. ಅದರ ಮೇಲೆ ಹೋದರೆ 18%. 7,400ರ ರೂಮಿಗೆ 370 ತೆರಿಗೆ, ಒಟ್ಟು 7,770. 7,800ರ ರೂಮಿಗೆ 1,404 ತೆರಿಗೆ, ಒಟ್ಟು 9,204. ರೂಮಿನ ರೇಟಿನಲ್ಲಿ 400 ವ್ಯತ್ಯಾಸ, ಕೈಯಿಂದ ಹೋಗುವುದು 1,434. ಎರಡು ರೂಮು, ಮೂರು ರಾತ್ರಿ ಅಂದರೆ ಎಂಟು ಸಾವಿರದ ಮೇಲೆ. ರೆಸಾರ್ಟ್‌ನವರ ಹತ್ತಿರ ಚೌಕಾಸಿ ಮಾಡುವಾಗ "ಡಿಸ್ಕೌಂಟ್ ಕೊಡಿ" ಅನ್ನಬೇಡಿ, "7,500ರ ಒಳಗೆ ತನ್ನಿ" ಅನ್ನಿ. ಅವರಿಗೂ ಅರ್ಥವಾಗುತ್ತದೆ. ಗ್ರೀನ್ ಫೀ ಕೇಳುವಾಗಲೂ ಜಿಎಸ್‌ಟಿ ಸೇರಿಯಾ, ಬೇರೆಯಾ ಅಂತ ಕೇಳಿ. ಕ್ಲಬ್‌ನವರು ಫೋನಲ್ಲಿ ಸಾಮಾನ್ಯವಾಗಿ ತೆರಿಗೆ ಬಿಟ್ಟ ರೇಟ್ ಹೇಳುತ್ತಾರೆ.

ಮುಂದೆ ಯಾವಾಗಲಾದರೂ ವಿದೇಶಕ್ಕೆ ಹೋದರೆ, ಟಿಕೆಟ್ ಮತ್ತು ಹೋಟೆಲ್ ಎರಡನ್ನೂ ಸೇರಿಸಿದ ಪ್ಯಾಕೇಜ್ ಮೇಲೆ ಏಜೆಂಟ್ ಟಿಸಿಎಸ್ (ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ನಿಮ್ಮ ಪ್ಯಾನ್ ಕೊಟ್ಟಿದ್ದರೆ ನಿಮ್ಮ ತೆರಿಗೆ ದಾಖಲೆಯಲ್ಲಿ ಕಾಣುತ್ತದೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ನಾಲ್ಕು ಜನರ ದುಡ್ಡು ಒಬ್ಬನ ಪ್ಯಾನ್‌ನಲ್ಲಿ ಕಟ್ಟಿದರೆ ಕ್ರೆಡಿಟ್ ಅವನೊಬ್ಬನಿಗೇ. ಆಮೇಲೆ ಗೆಳೆತನ ಕೆಡುತ್ತದೆ.

ಟೋಲ್: ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ಕ್ಕೆ ಶುರುವಾದಾಗ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ. ಬೆಂಗಳೂರಿಗೆ ಆಗಾಗ ಓಡಾಡುವ ಕಾರು ಯಾರದ್ದೋ ಅದನ್ನೇ ತೆಗೆಯಿರಿ. ನೈಸ್ ರಸ್ತೆಯಲ್ಲಿ ಅದು ನಡೆಯುವುದಿಲ್ಲ.

■ ಚಂದ್ರವಳ್ಳಿ_ಅಕ್ಕ (ಚಿತ್ರದುರ್ಗ)

ಮೈಸೂರು ಯಾಕೆ ಯಾರೂ ಹೇಳಲಿಲ್ಲ? ನಾನು ಆಟ ಕಲಿತದ್ದೇ ಅಲ್ಲಿ, ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ರೇಸ್ ಕೋರ್ಸ್ ಆವರಣದಲ್ಲೇ ಇದೆ. 18 ಹೋಲ್, ತಲೆ ಎತ್ತಿದರೆ ಚಾಮುಂಡಿ ಬೆಟ್ಟ. ಬಹುಪಾಲು ಸಮತಟ್ಟು ನೆಲ, ಆರಾಮಾಗಿ ನಡೆದು ಆಡಬಹುದು, ಬಗ್ಗಿ ಬಾಡಿಗೆ ಉಳಿಯಿತು. ಕುದುರೆ ರೇಸ್ ಇರುವ ದಿನ ಗಾಲ್ಫ್ ಸಮಯ ಏರುಪೇರಾಗುತ್ತದೆ, ಬುಕ್ ಮಾಡುವ ಮೊದಲು ರೇಸ್ ದಿನ ಯಾವುದು ಅಂತ ಕೇಳಿ. ದಸರಾ ಹೊತ್ತಿಗೆ ಅತ್ತ ಕಡೆ ತಲೆ ಹಾಕಬೇಡಿ, ರೂಮಿನ ರೇಟ್ ಕೇಳಿದರೇ ತಲೆ ತಿರುಗುತ್ತದೆ.

ದಾರಿ ಹೇಳುತ್ತೇನೆ. ಬೆಂಗಳೂರು ಮುಟ್ಟುವ ಅಗತ್ಯವೇ ಇಲ್ಲ. ಹಿರಿಯೂರಿನಲ್ಲಿ ದೊಡ್ಡ ಹೈವೇ ಬಿಟ್ಟು ಹುಳಿಯಾರು ಕಡೆ ತಿರುಗಿ. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ನಾಗಮಂಗಲ, ಶ್ರೀರಂಗಪಟ್ಟಣ. ಹೈವೇ 150ಎ ಅಂತಾರೆ. ದಾರಿಯುದ್ದಕ್ಕೂ ತೆಂಗಿನ ತೋಟ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸುಡುವ ಪೆಟ್ರೋಲು, ಟೋಲು ಎರಡೂ ಉಳಿಯುತ್ತವೆ.

ಈಗ ನಿಜವಾದ ತಲೆನೋವು: ಕಾರಿನ ಡಿಕ್ಕಿ. ನಾಲ್ಕು ಜನ, ನಾಲ್ಕು ಗಾಲ್ಫ್ ಸೆಟ್, ನಾಲ್ಕು ಬಟ್ಟೆ ಬ್ಯಾಗ್. ಸಾಮಾನ್ಯ ಕಾರಿನಲ್ಲಿ ಎರಡು ಸೆಟ್ ಹೋದರೆ ಹೆಚ್ಚು. ಅದಕ್ಕೇ ಜನ ಎರಡು ಕಾರು ಒಯ್ಯುತ್ತಾರೆ, ಖರ್ಚು ಡಬಲ್. ಮೂರು ಸಾಲಿನ ಗಾಡಿ ಇದ್ದರೆ ಹಿಂದಿನ ಸೀಟು ಮಡಚಿ. ಡ್ರೈವರ್, ವುಡ್ ಅನ್ನುವ ಉದ್ದದ ಕೋಲುಗಳನ್ನೆಲ್ಲ ಬ್ಯಾಗಿನಿಂದ ತೆಗೆದು ಒಂದೇ ಕೌದಿಯಲ್ಲಿ ಸುತ್ತಿ ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿ. ಉದ್ದದ ಕೋಲುಗಳು ಹೊರಗೆ ಬಂದರೆ ಬ್ಯಾಗುಗಳು ಅಡ್ಡಕ್ಕೆ ಕೂರುತ್ತವೆ. ನಿಯಮದ ಪ್ರಕಾರ 14 ಕ್ಲಬ್ (ಬಾಲ್ ಹೊಡೆಯುವ ಕೋಲಿಗೂ ಕ್ಲಬ್ ಅಂತಲೇ ಹೆಸರು) ತನಕ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲೇಬೇಕು ಅಂತ ಇಲ್ಲ. ಹೊಲದಲ್ಲಿ ಚಿಪ್ ಹೊಡೆಯುವವರಿಗೆ ಏಳೆಂಟು ಸಾಕು. ಆದರೆ ಇಬ್ಬರಿಗೆ ಒಂದೇ ಸೆಟ್ ಅಂತ ಹೋಗಬೇಡಿ, ತಲೆಗೊಂದು ಬ್ಯಾಗ್ ಇರಲೇಬೇಕು ಅನ್ನುವ ಕ್ಲಬ್‌ಗಳೇ ಜಾಸ್ತಿ.

ಬಟ್ಟೆ: ಕಾಲರ್ ಇರುವ ಟೀ ಶರ್ಟ್, ಜೀನ್ಸ್ ಬೇಡ, ಶೂಗೆ ಸಾಫ್ಟ್ ಸ್ಪೈಕ್. ಗೇಟಿನಲ್ಲಿ ವಾಪಸ್ ಕಳಿಸಿದರೆ ಕ್ಲಬ್ಬಿನ ಅಂಗಡಿಯಲ್ಲಿ ಕೊಳ್ಳಬೇಕಾಗುತ್ತದೆ. ಅಲ್ಲಿನ ಟೀ ಶರ್ಟಿನ ದುಡ್ಡಿಗೆ ನಮ್ಮೂರಲ್ಲಿ ಮೂರು ಬರುತ್ತವೆ.

■ ನಿವೃತ್ತ_ಮೇಷ್ಟ್ರು (ಹೊಳಲ್ಕೆರೆ)

ಬೋರ್‌ವೆಲ್ ಸಾವಿರ ಅಡಿ ಇಳಿಸಿದರೂ ನೀರು ಸಿಗದ ಸೀಮೆಯವರು ಹುಲ್ಲಿಗೆ ನೀರು ಬಿಡುವ ಆಟಕ್ಕೆ ಇಷ್ಟು ಲೆಕ್ಕ ಹಾಕುತ್ತಿದ್ದೀರಲ್ಲಪ್ಪ. ಒಳ್ಳೇದಾಗಲಿ.

■ ಬೋಗಿ_ಭೂತ

ಮೇಷ್ಟ್ರೇ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಬೆಂಗಳೂರಿನ ಕೋರ್ಸ್‌ಗಳಲ್ಲಿ ಈಗ ಕೊಳಚೆ ನೀರನ್ನು ಶುದ್ಧ ಮಾಡಿ ಹುಲ್ಲಿಗೆ ಬಿಡುತ್ತಾರೆ. ಎಲ್ಲಾ ಕಡೆ ಹಾಗಿಲ್ಲ, ಹಾಗಾಗಬೇಕು. ನಮ್ಮ ಕಡೆ ಯಾರಾದರೂ ಕೋರ್ಸ್ ಮಾಡುತ್ತೇವೆ ಅಂತ ಬಂದರೆ ಮೊದಲು ನೀವೇ ಕೇಳಿ ಈ ಪ್ರಶ್ನೆ.

■ ನಂದಿ_ಕಡೆ_ನೋಡಿ (ಚಿತ್ರದುರ್ಗ, ವಾರಕ್ಕೊಮ್ಮೆ ಬೆಂಗಳೂರು)

ರೆಸಾರ್ಟ್ ಕೋರ್ಸ್ ನೋಡುವವರಿಗೆ ಒಂದು ಮಾತು. ಬಿಡದಿಯ ಈಗಲ್‌ಟನ್, ನಂದಿ ಬೆಟ್ಟದ ಬುಡದ ಪ್ರೆಸ್ಟೀಜ್ ಗಾಲ್ಫ್‌ಶೈರ್ ಇಂಥ ಕಡೆ "ಸ್ಟೇ ಅಂಡ್ ಪ್ಲೇ" ಇದೆಯಾ ಅಂತ ಬಾಯಿಬಿಟ್ಟು ಕೇಳಿ. ರೂಮು ಬೇರೆ, ಆಟ ಬೇರೆ ಬುಕ್ ಮಾಡಿದರೆ ಜಾಸ್ತಿ ಬೀಳುತ್ತದೆ. ನಂದಿ ಕಡೆಗೆ ಹೋಗುವುದಾದರೆ ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ರಸ್ತೆ ಹಿಡಿಯಿರಿ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಯಾವುದರ ಮುಖವನ್ನೂ ನೋಡಬೇಕಿಲ್ಲ. ವಿಮಾನ ನಿಲ್ದಾಣಕ್ಕೂ ಇದೇ ದಾರಿ.

ಇನ್ನೊಂದು. ಮಧ್ಯಾಹ್ನದ ಮೇಲೆ ಶುರುವಾಗುವ ಟೀ ಟೈಮ್‌ಗೆ ಟ್ವಿಲೈಟ್ ರೇಟ್ ಅಂತ ಕೆಲವು ಕಡೆ ಕಡಿಮೆ ಹಾಕುತ್ತಾರೆ. ನಮಗೆ ಅದು ಸರಿಹೊಂದುತ್ತದೆ. ದುರ್ಗದಿಂದ ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನ ಆರಾಮಾಗಿ ತಲುಪುತ್ತೇವೆ. ಮೊದಲ ದಿನ ಸುಮ್ನೆ ರೂಮಿನಲ್ಲಿ ಮಲಗುವ ಬದಲು ಒಂಬತ್ತು ಹೋಲ್ ಆಡಿ. ಜನವರಿಯಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. 18 ಬುಕ್ ಮಾಡಿ ಹನ್ನೆರಡನೇ ಹೋಲ್‌ಗೇ ಕತ್ತಲಾಗಿ ವಾಪಸ್ ಬಂದರೆ ದುಡ್ಡು ವಾಪಸ್ ಬರುವುದಿಲ್ಲ.

ಬುಕ್ ಮಾಡುವಾಗ ಯಾರೂ ಕೇಳದ ಪ್ರಶ್ನೆ ಒಂದಿದೆ: "ಗ್ರೀನ್ ಕೋರಿಂಗ್ ಯಾವಾಗ?" ಹುಲ್ಲಿನ ಬೇರಿಗೆ ಗಾಳಿಯಾಡಲು ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಮೇಲೆಲ್ಲ ಸಣ್ಣ ತೂತು ಹೊಡೆದು ಮರಳು ತುಂಬುತ್ತಾರೆ. ಅದಾದ ಒಂದೆರಡು ವಾರ ಬಾಲ್ ಕುಣಿದುಕೊಂಡು ಹೋಗುತ್ತದೆ. ಪೂರ್ತಿ ದುಡ್ಡು ಕೊಟ್ಟು ಅದರ ಮೇಲೆ ಪಟ್ ಮಾಡುವುದು (ಬಾಲ್ ಹೋಲ್ ಕಡೆ ಉರುಳಿಸುವುದು) ಯಾತಕ್ಕೆ? ಕೆಲವರು ಆಗ ರೇಟ್ ಇಳಿಸುತ್ತಾರೆ, ಗ್ರೀನ್ ಬಗ್ಗೆ ತಲೆ ಕೆಡಿಸಿಕೊಳ್ಳದವರಿಗೆ ಅದೇ ಲಾಭ. ಕೋರ್ಸ್ ಟೂರ್ನಮೆಂಟ್‌ಗೆ ಬ್ಲಾಕ್ ಆಗಿದೆಯಾ ಅಂತಲೂ ಕೇಳಿ. ಚಳಿಗಾಲ ಟೂರ್ನಮೆಂಟ್‌ಗಳ ಕಾಲ.

■ ಶಾಮನೂರು_ರಸ್ತೆ

ಒಂದು ರಾತ್ರಿಯಲ್ಲಿ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಮ್ಮ ಡಾಕ್ಟರ್ ಊಟಿ ಊಟಿ ಅಂತ ಹಟ ಹಿಡಿದಿದ್ದಾನೆ. ಮೈಸೂರಿಗೆ ಹೋದ ಮೇಲೆ ಇನ್ನೇನು ದೂರ ಅಂತ. ಕೊಡಗು ಅಂತ ಇನ್ನೊಬ್ಬ. ಯಾವುದು?

■ ಮಂಡಕ್ಕಿ_ಮಿರ್ಚಿ (ದಾವಣಗೆರೆ)

ಊಟಿ ಕೋರ್ಸ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಜಿಮ್‌ಖಾನಾ ಕ್ಲಬ್ಬಿನದು, ವೆನ್‌ಲಾಕ್ ಡೌನ್ಸ್ ಗುಡ್ಡಗಳ ಮೇಲೆ 18 ಹೋಲ್. ಆದರೆ ನೀವು ಅಂದುಕೊಂಡಷ್ಟು ಸಲೀಸಲ್ಲ.

ನೀಲಗಿರಿಗೆ ಹೊರಗಿನ ಗಾಡಿಗೆ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಆದೇಶ, 2024ರ ಮೇ 7ರಿಂದ. ಆನ್‌ಲೈನ್‌ನಲ್ಲಿ ಮುಂಚೆ ಮಾಡಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಮೈಸೂರಿನಲ್ಲಿ ಉಳಿದು ಬೆಳಗ್ಗೆ ಊಟಿಯಲ್ಲಿ ಏಳಕ್ಕೆ ಟೀ ಆಫ್ ಅನ್ನುವ ಪ್ಲಾನ್ ಅಲ್ಲಿಗೆ ಮುಗಿಯಿತು. ಪ್ಲಾಸ್ಟಿಕ್ ನೀರಿನ ಬಾಟಲಿ ಚೆಕ್‌ಪೋಸ್ಟ್‌ನಲ್ಲಿ ಕಿತ್ತುಕೊಳ್ಳುತ್ತಾರೆ, ಸ್ಟೀಲ್ ಬಾಟಲಿ ಒಯ್ಯಿರಿ. ಜನವರಿಯಲ್ಲಿ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಅದು ಕರಗುವ ಮೊದಲು ತುಳಿದರೆ ಹುಲ್ಲಿನ ಎಸಳು ಮುರಿದು ಸಾಯುತ್ತದೆ. ಅಂಥ ಬೆಳಗಿನಲ್ಲಿ ಆಟ ಶುರುವಾಗುವುದೇ ತಡ. ಅಲ್ಲಿ ಉಳಿದುಕೊಳ್ಳುವುದಾದರೆ ಮಾತ್ರ ಊಟಿ.

ಆದರೆ ಡಾಕ್ಟರ್‌ಗೆ ಒಂದು ಖುಷಿ ಸುದ್ದಿ ಹೇಳಿ. ಊಟಿ 2,240 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ 150 ಗಜ ಹೋಗುವ ಏಟು ಅಲ್ಲಿ ಇನ್ನೊಂದು ಉದ್ದದ ಕೋಲು ಹಿಡಿದು ಹೊಡೆದಷ್ಟು ಜಾಸ್ತಿ ಹೋಗುತ್ತದೆ. ಎಲ್ಲರೂ ತಾವೇ ಸುಧಾರಿಸಿದ್ದೇವೆ ಅಂದುಕೊಂಡು ಇಳಿದು ಬರುತ್ತಾರೆ.

ಕೊಡಗಿನಲ್ಲಿ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್ ಇದೆ, ವಿರಾಜಪೇಟೆ ಹತ್ತಿರ. ಸುತ್ತ ಕಾಫಿ ತೋಟ. ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ ಮೇಲೆ ಹೋಗಿ. ಊಟಿಗಿಂತ ನಿಮಗೆ ಇದೇ ಸರಿ. ಹೋಂಸ್ಟೇಯಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಯೇ ರೇಟ್ ಹೇಳುತ್ತಾರೆ, ನಾಲ್ಕು ಜನಕ್ಕೆ ಅದೇ ಅಗ್ಗ. ಮಳೆಗಾಲದಲ್ಲಿ ರೂಮು ಇನ್ನೂ ಅಗ್ಗ, ಆದರೆ ಆಗ ಗಾಲ್ಫ್ ಅಲ್ಲ, ಈಜು.

■ ಚಂದ್ರವಳ್ಳಿ_ಅಕ್ಕ

ಮಂಡಕ್ಕಿಯವರ ಮಾತಿಗೆ ನನ್ನ ಓಟು. ಒಂದು ಸೇರಿಸುತ್ತೇನೆ: ಕ್ಯಾಡಿ ಮೇಲೆ ಉಳಿಸಬೇಡಿ. ಬಾಲ್ ಮೇಲೆ ಉಳಿಸಿ.

ಗೊತ್ತಿಲ್ಲದ ಕೋರ್ಸ್‌ನಲ್ಲಿ ಹಳೇ ಕ್ಯಾಡಿ ಸಿಕ್ಕರೆ ಅದೃಷ್ಟ. ಮೈಸೂರಿನಲ್ಲಿ ನನಗೆ ಸಿಗುತ್ತಿದ್ದ ಹಿರಿಯರೊಬ್ಬರು ಮಾತೇ ಆಡುತ್ತಿರಲಿಲ್ಲ. ಗ್ರೀನ್ ಮೇಲೆ ಬಂದು ಬೆಟ್ಟದ ಕಡೆ ಒಮ್ಮೆ ನೋಡಿ, ಬೆರಳಿನಿಂದ ಹುಲ್ಲಿನ ಮೇಲೆ ಒಂದು ಜಾಗ ಮುಟ್ಟುತ್ತಿದ್ದರು. ಹೋಲ್‌ಗೂ ಆ ಜಾಗಕ್ಕೂ ಸಂಬಂಧವೇ ಇಲ್ಲ ಅನಿಸುತ್ತಿತ್ತು. ಅಲ್ಲಿಗೆ ಹೊಡೆದರೆ ಬಾಲ್ ತಿರುಗಿಕೊಂಡು ಹೋಗಿ ಬೀಳುತ್ತಿತ್ತು. ಅವರ ಫೀ ಕ್ಲಬ್ಬೇ ನಿಗದಿ ಮಾಡಿರುತ್ತದೆ, ಕೇಳಿಕೊಂಡು ಅದರ ಮೇಲೆ ಕೈಬಿಚ್ಚಿ ಕೊಡಿ. ಚೌಕಾಸಿ ಮಾಡುವ ಜಾಗ ಅದಲ್ಲ.

ಬಾಲ್ ಮಾತ್ರ ಹೊಸದು ಬೇಡವೇ ಬೇಡ. ಕೆರೆ, ಪೊದೆಯಿಂದ ಹೆಕ್ಕಿ ತೊಳೆದ ಬಾಲ್‌ಗಳನ್ನು ಕಡಿಮೆ ದುಡ್ಡಿಗೆ ಮಾರುತ್ತಾರೆ. ಕಾಫಿ ತೋಟದೊಳಗೆ ಬಾಲ್ ಹಾಕಿದ ಮೇಲೆ ಅದು ಯಾವ ಕಂಪನಿಯದಾದರೇನು?

■ ಮಗಳು_ಡಂಡಿಯಲ್ಲಿ (ದಾವಣಗೆರೆ)

ಬಜೆಟ್ಟಿಗೆ ಸಂಬಂಧ ಇಲ್ಲ, ಆದರೂ ಹೇಳಬೇಕು ಅನಿಸಿತು. ಮಗಳು ಸ್ಕಾಟ್ಲೆಂಡಿನ ಡಂಡಿಯಲ್ಲಿ ಓದುತ್ತಿದ್ದಾಳೆ, ಸೇಂಟ್ ಆಂಡ್ರೂಸ್ ಅಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಗಾಲ್ಫ್‌ನ ಕಾಶಿ ಅಂತಾರಲ್ಲ, ಅದೇ.

ಓಲ್ಡ್ ಕೋರ್ಸ್‌ನಲ್ಲಿ ಸೀಸನ್ ಗ್ರೀನ್ ಫೀ 300 ಪೌಂಡ್ ದಾಟಿದೆ. ಆಡಬೇಕು ಅಂದರೆ ಹೆಸರು ಕೊಟ್ಟು ಚೀಟಿ ಎತ್ತುವ ತನಕ ಕಾಯಬೇಕು, ಎರಡು ದಿನ ಮುಂಚೆ ಎತ್ತುತ್ತಾರೆ. ಹ್ಯಾಂಡಿಕ್ಯಾಪ್ ಕಾರ್ಡ್ ಬೇಕೇ ಬೇಕು. ಆದರೆ ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವೇ ಇಲ್ಲ! ಊರಿನವರು ನಾಯಿ ಕರೆದುಕೊಂಡು ಅದೇ ಹುಲ್ಲಿನ ಮೇಲೆ ವಾಕಿಂಗ್ ಬರುತ್ತಾರೆ. ಕೋರ್ಸ್ ಒಳಗಿನ ಆ ಹೆಸರಾಂತ ಸ್ವಿಲ್ಕನ್ ಕಲ್ಲು ಸೇತುವೆ ಮೇಲೆ ನಿಂತು ಯಾರು ಬೇಕಾದರೂ ಫೋಟೋ ತೆಗೆಸಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ. ನಾವು ಹೋದಾಗ ನನ್ನ ಹೆಂಡತಿ ಸೀರೆ ಉಟ್ಟುಕೊಂಡೇ ನಿಂತಳು.

ಪಕ್ಕದಲ್ಲೇ ಹಿಮಾಲಯಾಸ್ ಅಂತ ಪಟ್ಟಿಂಗ್ ಗ್ರೀನ್ ಇದೆ. 1867ರಲ್ಲಿ ಹೆಂಗಸರಿಗಾಗಿ ಶುರುವಾದ ಕ್ಲಬ್ಬಿನದು. ಉಬ್ಬುತಗ್ಗು ಎಷ್ಟಿದೆ ಅಂದರೆ ಹೆಸರು ಸುಮ್ನೆ ಬಂದಿಲ್ಲ. ಕೆಲವೇ ಪೌಂಡ್ ಕೊಟ್ಟು ಯಾರಾದರೂ ಆಡಬಹುದು, ಪಟರ್ ಅವರೇ ಕೊಡುತ್ತಾರೆ. ಬಾಲ್ಗೋವ್ ಅಂತ ಒಂಬತ್ತು ಹೋಲ್‌ನ ಸಣ್ಣ ಕೋರ್ಸ್ ಕೂಡ ಇದೆ, ಹೊಸಬರಿಗೇ ಮಾಡಿದ್ದು.

■ ಹರಿಹರ_ಸೇತುವೆ

ಸರ್, ಆ ಸೀರೆ ಫೋಟೋ ಹಾಕಿ ಮತ್ತೆ!

ಶಾಮನೂರು ಅಣ್ಣ, ಥೈಲ್ಯಾಂಡ್ ಜೂನ್‌ಗೆ ಇಟ್ಟುಕೊಳ್ಳೋಣ, ನಾನೂ ಬರುತ್ತೇನೆ. ಆಗ ಬ್ಯಾಗೇಜ್ ವಿಷಯ ನೆನಪಿರಲಿ. ಗಾಲ್ಫ್ ಸೆಟ್ ಕ್ಯಾಬಿನ್ ಒಳಗೆ ಬಿಡುವುದಿಲ್ಲ, ಚೆಕ್ ಇನ್‌ಗೇ ಹಾಕಬೇಕು. ಟಿಕೆಟ್ ಅಗ್ಗ ಅಂತ ತೆಗೆದರೆ ಸೆಟ್ಟಿನ ಭಾರಕ್ಕೆ ಕೌಂಟರಿನಲ್ಲಿ ಕಟ್ಟುವುದೇ ಜಾಸ್ತಿ ಆಗಬಹುದು. ಸ್ಪೋರ್ಟ್ಸ್ ಬ್ಯಾಗೇಜ್ ಅಂತ ಆನ್‌ಲೈನ್‌ನಲ್ಲಿ ಮೊದಲೇ ಕಟ್ಟಿ. ಬ್ಯಾಗಿನ ಮಧ್ಯೆ ಡ್ರೈವರ್‌ಗಿಂತ ಒಂದು ಗೇಣು ಉದ್ದದ ಬಿದಿರು ಕೋಲು ನಿಲ್ಲಿಸಿ. ಬ್ಯಾಗ್ ತಲೆಕೆಳಗಾಗಿ ಬಿದ್ದರೂ ಏಟು ಕೋಲಿಗೆ ಬೀಳುತ್ತದೆ, ಡ್ರೈವರ್ ತಲೆಗೆ ಬೀಳುವುದಿಲ್ಲ.

■ ಶಾಮನೂರು_ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೂತು ಮಾತಾಡಿದೆವು. ಸಂಕ್ರಾಂತಿಗೆ ಮುಂಚಿನ ವಾರ, ಮಂಗಳವಾರ ಹೊರಟು ಹಿರಿಯೂರು, ಹುಳಿಯಾರು ಮೇಲೆ ಮೈಸೂರು. ಸಂಜೆ ಹೊತ್ತು ಇದ್ದರೆ ಒಂಬತ್ತು ಹೋಲ್, ಬುಧವಾರ ಬೆಳಗ್ಗೆ ಪೂರ್ತಿ 18. ಮಧ್ಯಾಹ್ನ ಕೊಡಗಿಗೆ ಹೊರಟು ಹೋಂಸ್ಟೇ, ಗುರುವಾರ ಬಿಟ್ಟಂಗಾಲ, ಶುಕ್ರವಾರ ವಾಪಸ್. ಡಾಕ್ಟರ್ ಕ್ಲಬ್ಬಿನ ಬೋರ್ಡಿನಲ್ಲಿ ಮೈಸೂರಿನ ಒಂದು ಕ್ಲಬ್ ಹೆಸರು ಇದೆ. ಗಾಲ್ಫ್ ಕ್ಲಬ್ ಅಲ್ಲ, ಆದರೆ ರೂಮು ಇವೆಯಂತೆ. ಸೆಕ್ರೆಟರಿ ಪತ್ರ ಬರೆದುಕೊಡಲು ಒಪ್ಪಿದ್ದಾರೆ. ಲೆಕ್ಕ ಹಾಕಿದರೆ ತಲೆಗೆ 25 ಸಾವಿರದ ಒಳಗೇ ಬರುತ್ತಿದೆ, ಕ್ಯಾಡಿಗೆ ಅಕ್ಕ ಹೇಳಿದ ಹಾಗೆ ಕೈಬಿಚ್ಚಿ ಕೊಟ್ಟರೂ.

ಕೊಡಗಿನ ಕ್ಲಬ್‌ಗೆ ಫೋನ್ ಹಚ್ಚಿದ್ದೆ, ಲಂಚ್ ಟೈಮ್ ಇರಬೇಕು, ಎತ್ತಲಿಲ್ಲ. ನಾಳೆ ಹತ್ತು ಗಂಟೆಗೆ ಮತ್ತೆ ಮಾಡಿ ಕೋರಿಂಗ್, ಬ್ಲಾಕ್, ಜಿಎಸ್‌ಟಿ ಮೂರೂ ಕೇಳುತ್ತೇನೆ.

■ ಬೋಗಿ_ಭೂತ

ಅಣ್ಣಾ, ಸೆಟ್ ನಾಲ್ಕೇನಾ? ಮಂಗಳವಾರ ಹಿರಿಯೂರಿಗೆ ಬಂದು ನಿಂತಿರುತ್ತೇನೆ, ಏಳೇ ಕ್ಲಬ್ ಇರುವ ಸಣ್ಣ ಬ್ಯಾಗ್. ಕೌದಿಯೂ ನನ್ನದೇ.

■ ಶಾಮನೂರು_ರಸ್ತೆ

ಐದು ಜನ ಆದರೆ ಒಟ್ಟಿಗೆ ಬಿಡುತ್ತಾರಾ? ನಾಲ್ಕೇ ಅಂತ ಕೇಳಿದ್ದೆ.

■ ಕೋಟೆ_ಕಡೆಯವ

ನಾಲ್ಕೇ. ಎರಡು, ಮೂರು ಅಂತ ಒಡೆದು ಎರಡು ಟೀ ಟೈಮ್ ತಗೊಳ್ಳಬೇಕು. ನಾನು ಬಂದರೆ ಮೂರು ಮೂರು ಸರಿಹೋಗುತ್ತದೆ. ನನ್ನದು ಮೂರು ಸಾಲಿನ ಗಾಡಿ.